ಅಲಾಸ್ಕಾದ ದೂರದ ರಾಷ್ಟ್ರೀಯ ಉದ್ಯಾನಗಳಲ್ಲಿ ಕರಡಿ, ಕ್ಯಾರಿಬೂ (ಉತ್ತರದ ಶೀತ ಪ್ರದೇಶದ ದೊಡ್ಡ ಜಿಂಕೆ) ನೋಡುವ ಪ್ರವಾಸವನ್ನು ಹೇಗೆ ಯೋಜಿಸಬೇಕು?

ಮೊದಲು ಯಾವ ಪ್ರಾಣಿ ನೋಡಬೇಕೆಂದು ನಿರ್ಧರಿಸಿ. ಯಾವ ತಿಂಗಳು ಹೋಗಬೇಕೆಂಬುದು ಅದರ ಮೇಲೆ ನಿಂತಿದೆ.

ಕರಡಿಗಳೇ ಮುಖ್ಯವಾದರೆ ಕಟ್ಮೈ ಉದ್ಯಾನ. ಅಲ್ಲಿನ ಬ್ರೂಕ್ಸ್ ಜಲಪಾತದಲ್ಲಿ ಸಾಲ್ಮನ್ ಮೀನುಗಳು ಪ್ರವಾಹದ ವಿರುದ್ಧ ಜಿಗಿಯುವ ಜುಲೈನಲ್ಲಿ ಕಂದು ಕರಡಿಗಳು ನೀರಿಗಿಳಿದು ಅವನ್ನು ಹಿಡಿಯುತ್ತವೆ. ಆಗಸ್ಟಿನಲ್ಲಿ ಬಹುಪಾಲು ಚದುರಿಹೋಗಿ, ಸೆಪ್ಟೆಂಬರಿನಲ್ಲಿ ಸಾಯುತ್ತಿರುವ ಮೀನುಗಳಿಗಾಗಿ ನದಿಯ ಕೆಳಭಾಗಕ್ಕೆ ಮತ್ತೆ ಬರುತ್ತವೆ. ರಸ್ತೆಯಿಲ್ಲ, ಕಿಂಗ್ ಸಾಲ್ಮನ್ ಊರಿನಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನ ಅಥವಾ ದೋಣಿ ಹಿಡಿಯಬೇಕು. ಜುಲೈಗೆ ಟೆಂಟ್ ಜಾಗ ಬೇಕೆಂದರೆ ಜನವರಿಯಲ್ಲೇ ಕಾಯ್ದಿರಿಸಿ, ಬೇಗ ಮುಗಿದುಹೋಗುತ್ತದೆ.

ಮೊದಲ ಸಲ ಹೋಗುವವರಿಗೆ, ಕ್ಯಾರಿಬೂ ನೋಡಬೇಕೆನ್ನುವವರಿಗೆ ನಾನು ಹೇಳುವುದು ಡೆನಾಲಿ ಉದ್ಯಾನ. ಬೇಸಿಗೆಯಲ್ಲಿ ಸ್ವಂತ ಕಾರಿಗೆ ಮೊದಲ 15 ಮೈಲಿ ಮಾತ್ರ ಅವಕಾಶ, ಮುಂದೆ ಉದ್ಯಾನದ ಬಸ್. 2021ರ ಭೂಕುಸಿತದಿಂದ 43ನೇ ಮೈಲಿಯ ಹತ್ತಿರ ರಸ್ತೆ ಮುಚ್ಚಿತು. ಬುಕ್ ಮಾಡುವ ಮುನ್ನ ಈಗಿನ ಸ್ಥಿತಿ ನೋಡಿಕೊಳ್ಳಿ. ಸೆಪ್ಟೆಂಬರ್ ಆರಂಭ ನನಗೆ ಅತಿ ಇಷ್ಟ: ಟಂಡ್ರಾ (ಮರಗಳಿಲ್ಲದ ಶೀತ ಬಯಲು) ಕೆಂಪಾಗಿರುತ್ತದೆ, ಸೊಳ್ಳೆ ಕಡಿಮೆ.

ಗೇಟ್ಸ್ ಆಫ್ ದಿ ಆರ್ಕ್ಟಿಕ್ ಉದ್ಯಾನದಲ್ಲಿ ರಸ್ತೆಯೂ ಇಲ್ಲ, ಕಾಲುದಾರಿಯೂ ಇಲ್ಲ. ಕಾಡಿನಲ್ಲಿ ಒಬ್ಬರೇ ಇದ್ದು ಅಭ್ಯಾಸವಿಲ್ಲದಿದ್ದರೆ ಗೈಡ್ ಇಲ್ಲದೆ ದಯವಿಟ್ಟು ಹೋಗಬೇಡಿ.

ಮೋಡ ಕವಿದರೆ ಪುಟ್ಟ ವಿಮಾನ ಹಾರುವುದಿಲ್ಲ. ಪ್ರವಾಸದ ಕೊನೆಯಲ್ಲಿ ಎರಡು ದಿನ, ಚೀಲದಲ್ಲಿ ಅಷ್ಟೇ ದಿನದ ಊಟ ಹೆಚ್ಚುವರಿ ಇರಲಿ. ಕರಡಿ ಸ್ಪ್ರೇಯನ್ನು (ಮೇಲೆ ಬರುವ ಕರಡಿಯನ್ನು ತಡೆಯುವ ಖಾರದ ಸ್ಪ್ರೇ) ಪ್ರಯಾಣಿಕ ವಿಮಾನಗಳಲ್ಲಿ ಒಯ್ಯಲು ಬಿಡುವುದಿಲ್ಲ, ಅಲಾಸ್ಕಾ ತಲುಪಿದ ಮೇಲೆ ಕೊಳ್ಳಿ.