ಹಳೇ ಕಾರಿನ ಬಾನೆಟ್ ಹಿಂಜ್ ಸವೆದಿದೆ: ಹೊಸದು ತರಿಸಲಾ, ಇರುವುದನ್ನೇ ರಿಪೇರಿ ಮಾಡಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾರು 1960ರ ದಶಕದ್ದು. ಬಾನೆಟ್ ತೆರೆದರೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಮುಚ್ಚಿದರೆ ಗಾಜಿನ ಕಡೆಯ ಒಂದು ಮೂಲೆ ಮೇಲೆದ್ದು ನಿಲ್ಲುತ್ತದೆ. ಹಿಂಜ್ ಹೊಸದು ತರಿಸಬೇಕಾ, ಇಲ್ಲ ಇರುವುದನ್ನೇ ರಿಪೇರಿ ಮಾಡಬಹುದಾ ಅಂತ ಕೇಳಿದ್ದೀರಿ. ಹಿಂಜ್‌ನ ಪಟ್ಟಿಗಳು ಬಿರುಕು ಬಿಟ್ಟಿಲ್ಲ, ಸೊಟ್ಟಗಾಗಿಲ್ಲ ಅಂದರೆ ಇರುವುದನ್ನೇ ರಿಪೇರಿ ಮಾಡಿ. ನನ್ನ 1966ರ ಫೋರ್ಡ್ ಮಸ್ಟಾಂಗ್‌ಗೆ ನಾನು ಮಾಡಿದ್ದೂ ಅದನ್ನೇ. ಆ ಹಿಂಜ್ ನಿಮ್ಮ ಬಾನೆಟ್ ಜೊತೆ, ನಿಮ್ಮ ಮಡ್‌ಗಾರ್ಡ್ ಜೊತೆ ಇಷ್ಟು ವರ್ಷ ಹೊಂದಿಕೊಂಡು ಬಂದಿದೆ. ಹೊಸ ಜೋಡಿಯನ್ನು ಹೊಂದಿಸುವುದು ಅಷ್ಟು ಸುಲಭ ಇಲ್ಲ.

ಅದಕ್ಕಿಂತ ಮೊದಲು ಒಂದು ಕೆಲಸವನ್ನು ಇವತ್ತಿನಿಂದಲೇ ನಿಲ್ಲಿಸಿ. ಮೂಲೆ ಕೂರುತ್ತಿಲ್ಲ ಅಂತ ಬಾನೆಟ್‌ನ ಮುಂದಿನ ತುದಿ ಹಿಡಿದು ಒತ್ತಿ ಮುಚ್ಚಬೇಡಿ. ಹಿಂಜ್ ಬಿಗಿಯಾಗಿದ್ದರೆ ಬಾನೆಟ್‌ನ ಹಿಂಭಾಗ ಕೆಳಗಿಳಿಯುವುದಿಲ್ಲ. ನೀವು ಮುಂದೆ ಒತ್ತಿದ ಬಲವೆಲ್ಲ ಹಿಂಜ್‌ಗೆ ಸ್ವಲ್ಪ ಮುಂದೆ, ಒಳಚೌಕಟ್ಟು ಎಲ್ಲಿ ತೆಳ್ಳಗಿದೆಯೋ ಅಲ್ಲಿ ಹೋಗಿ ಬೀಳುತ್ತದೆ. ತಗಡು ಅಲ್ಲೇ ಮಡಚುತ್ತದೆ. ಆ ಕಾಲದ ಎಷ್ಟೋ ಕಾರುಗಳ ಬಾನೆಟ್ ಮೇಲೆ ಅಡ್ಡಕ್ಕೆ ಒಂದು ಗೆರೆ ಇರುತ್ತದಲ್ವಾ, ಅದು ಬಂದದ್ದು ಹೀಗೇ. ಹಿಂಜ್ ರಿಪೇರಿ ಎರಡು ದಿನದ ಕೆಲಸ. ಮಡಚಿದ ಬಾನೆಟ್ ಸರಿ ಮಾಡುವುದು ತಿಂಗಳ ಕೆಲಸ.

ನಾನು ಹೇಳುತ್ತಿರುವುದು ಕತ್ತರಿ ಥರ ಮಡಚುವ, ಪಕ್ಕದಲ್ಲಿ ದೊಡ್ಡ ಸ್ಪ್ರಿಂಗ್ ಇರುವ, ರಿವೆಟ್ (ಎರಡೂ ತುದಿಗೆ ತಲೆ ಇರುವ ಗಟ್ಟಿ ಮೊಳೆ) ಹೊಡೆದ ಹಿಂಜ್ ಬಗ್ಗೆ. ಜಾಗ್ವಾರ್ ಇ-ಟೈಪ್, ಟ್ರಯಂಫ್ ಸ್ಪಿಟ್‌ಫೈರ್ ಥರ ಇಡೀ ಮೂತಿಯೇ ಮುಂದಕ್ಕೆ ಬಾಗುವ ಕಾರುಗಳ ಕಥೆ ಬೇರೆ. ಫೋರ್ಡ್ ಮಾಡೆಲ್ ಎ ಥರದ ಕಾರುಗಳಲ್ಲಿ ಬಾನೆಟ್ ನಡುವೆ ಉದ್ದಕ್ಕೂ ಒಂದು ಸರಳು ಹೋಗಿರುತ್ತದೆ, ಅದೂ ಬೇರೆಯೇ. ನಿಮ್ಮ ವಿವರಣೆ ನೋಡಿದರೆ ನಿಮ್ಮದು ಕತ್ತರಿ ಹಿಂಜ್.

ಈ ಹಿಂಜ್‌ಗೆ ಎರಡು ರೋಗ ಬರುತ್ತವೆ. ಒಂದು ಸಡಿಲ, ಇನ್ನೊಂದು ಬಿಗಿತ. ಸಡಿಲವಾದರೆ ಬಾನೆಟ್ ಓಲಾಡುತ್ತದೆ, ಮುಚ್ಚುವಾಗ ಮೂಲೆ ಮಡ್‌ಗಾರ್ಡ್‌ಗೆ ತಾಗಿ ಬಣ್ಣ ಎದ್ದುಹೋಗುತ್ತದೆ. ಬಿಗಿಯಾದರೆ ಹಿಂದಿನ ಮೂಲೆ ಎದ್ದು ನಿಲ್ಲುತ್ತದೆ. ನಿಮ್ಮಲ್ಲಿ ಎರಡೂ ಇವೆ. ಇದು ವಿಚಿತ್ರ ಅನ್ನಿಸಬಹುದು, ಆದರೆ ಒಂದೇ ಹಿಂಜ್‌ನಲ್ಲಿ ಎರಡೂ ಇರುವುದು ತುಂಬಾ ಸಾಮಾನ್ಯ. ಒಂದು ರಿವೆಟ್ ಎಣ್ಣೆ ಕಾಣದೆ ತುಕ್ಕು ಹಿಡಿದು ಕೂತುಬಿಡುತ್ತದೆ. ಅದು ತಿರುಗದ ಕಾರಣ ಪಕ್ಕದ ರಿವೆಟ್ ಮೇಲೆ ಭಾರ ಜಾಸ್ತಿ ಬಿದ್ದು ಅದರ ತೂತು ಮೊಟ್ಟೆಯ ಆಕಾರಕ್ಕೆ ಸವೆಯುತ್ತದೆ. ಸಡಿಲವಾದದ್ದನ್ನು ಮಾತ್ರ ಸರಿ ಮಾಡಿ ಬಿಗಿಯಾದದ್ದನ್ನು ಹಾಗೇ ಬಿಟ್ಟರೆ ಮತ್ತೆ ಅಲ್ಲಿಗೇ ಬರುತ್ತೀರಿ.

ಯಾವುದು ಬಿಗಿ, ಯಾವುದು ಸಡಿಲ ಅಂತ ಸ್ಪ್ರಿಂಗ್ ಇರುವಾಗ ಗೊತ್ತಾಗುವುದಿಲ್ಲ. ಸ್ಪ್ರಿಂಗ್ ಎಲ್ಲವನ್ನೂ ಎಳೆದು ಹಿಡಿದಿರುತ್ತದೆ. ಅದನ್ನು ಬಿಚ್ಚಲೇಬೇಕು. ಈ ಕೆಲಸದಲ್ಲಿ ಮೈಮರೆತರೆ ಬೆರಳು ಹೋಗುತ್ತದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಾನೆಟ್ ಇಳಿಸಿದಷ್ಟೂ ಸ್ಪ್ರಿಂಗ್ ಹಿಗ್ಗುತ್ತದೆ, ಎತ್ತಿದಷ್ಟೂ ಕುಗ್ಗುತ್ತದೆ. ಈ ಗುಣವನ್ನೇ ಬಳಸಿಕೊಳ್ಳಿ. ಜೊತೆಗೆ ಒಬ್ಬರು ಬೇಕೇ ಬೇಕು. ಮೊದಲು ಪೆನ್ಸಿಲ್‌ನಲ್ಲೋ ಚೂಪು ಮೊಳೆಯಲ್ಲೋ ಹಿಂಜ್‌ನ ಸುತ್ತ, ಬಾನೆಟ್ ಕಡೆಯೂ ಬಾಡಿ ಕಡೆಯೂ ಗೆರೆ ಎಳೆದುಕೊಳ್ಳಿ. ಮಡ್‌ಗಾರ್ಡ್‌ಗಳ ಅಂಚಿಗೆ, ಗಾಜಿನ ಕೆಳಗೆ ದಪ್ಪ ಬಟ್ಟೆ ಹಾಸಿ ಟೇಪ್ ಹಚ್ಚಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಈಗ ಜೊತೆಯವರು ಬಾನೆಟ್ಟನ್ನು ಅರ್ಧ ಇಳಿಸಿ ಗಟ್ಟಿಯಾಗಿ ಹಿಡಿಯಲಿ. ಸ್ಪ್ರಿಂಗ್‌ನ ಸುರುಳಿಗಳ ನಡುವೆ ಸಂದು ಬಿಡುತ್ತದೆ. ಒಂದೊಂದು ಸಂದಿಗೂ ಒಂದೊಂದು ವಾಷರ್ ತೂರಿಸಿ. ಬೆರಳಿನಲ್ಲಿ ಬೇಡ, ಇಕ್ಕಳದಲ್ಲಿ ಹಿಡಿದು ತೂರಿಸಿ. ಎಂಟು ಹತ್ತು ವಾಷರ್ ಆದ ಮೇಲೆ ಬಾನೆಟ್ ಪೂರ್ತಿ ಎತ್ತಿ. ವಾಷರ್ ಅಡ್ಡ ಇರುವುದರಿಂದ ಸ್ಪ್ರಿಂಗ್ ಕುಗ್ಗಲಾರದು. ಅದರ ಕೊಕ್ಕೆ ಸಡಿಲಾಗುತ್ತದೆ, ಇಕ್ಕಳದಲ್ಲಿ ಎತ್ತಿದರೆ ಬಂದುಬಿಡುತ್ತದೆ. ಸಡಿಲಾಗಲಿಲ್ಲ ಅಂದರೆ ಜಗ್ಗಬೇಡಿ. ಮತ್ತೆ ಇಳಿಸಿ ಇನ್ನೆರಡು ವಾಷರ್ ಹಾಕಿ. ನಾನು ಬಿಚ್ಚಿದ ಸ್ಪ್ರಿಂಗನ್ನು ವಾಷರ್ ಸಮೇತ ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ವಾಪಸ್ ಹಾಕುವಾಗ ಹಿಗ್ಗಿಸುವ ಕಷ್ಟವೇ ಇರಲಿಲ್ಲ.

ಎರಡನೇ ಸ್ಪ್ರಿಂಗ್ ಬಿಚ್ಚುವ ಹೊತ್ತಿಗೆ ಬಾನೆಟ್‌ಗೆ ಯಾವ ಆಸರೆಯೂ ಇರುವುದಿಲ್ಲ. ಮೊದಲೇ ಗಟ್ಟಿ ಮರದ ಕೋಲು ಕೊಟ್ಟಿರಿ. ಆಮೇಲೆ ಇಬ್ಬರೂ ಒಂದೊಂದು ಬದಿ ನಿಂತು ಬೋಲ್ಟ್ ಬಿಚ್ಚಿ ಬಾನೆಟ್ ಕೆಳಗಿಳಿಸಿ. ಕೊನೆಗೆ ಹಿಂಜ್ ಬಿಚ್ಚಿ. ಒಂದು ಸಲಕ್ಕೆ ಒಂದೇ ಹಿಂಜ್ ಕೈಗೆತ್ತಿಕೊಳ್ಳಿ, ಇನ್ನೊಂದು ಮಾದರಿಯಾಗಿ ಪಕ್ಕದಲ್ಲಿರಲಿ.

ಈಗ ಹಿಂಜನ್ನು ವೈಸ್‌ಗೆ ಹಿಡಿದು ಒಂದೊಂದೇ ಕೀಲನ್ನು, ಅಂದರೆ ಪಟ್ಟಿಗಳು ರಿವೆಟ್ ಮೇಲೆ ತಿರುಗುವ ಜಾಗವನ್ನು, ಆಡಿಸಿ ನೋಡಿ. ಸ್ಪ್ರಿಂಗ್ ಇಲ್ಲದಾಗ ಒಳ್ಳೆ ಹಿಂಜ್ ಒಂದು ಬೆರಳಿಗೇ ಮಡಚಬೇಕು, ಪಕ್ಕಕ್ಕೆ ಮಾತ್ರ ಆಡಬಾರದು. ಸ್ವಲ್ಪ ಸಡಿಲ ಇದ್ದರೇನು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ರಿವೆಟ್‌ನ ತಲೆ 16 ಮಿಲಿಮೀಟರ್ ಅಗಲ ಇದೆ, ಪಟ್ಟಿಗಳ ನಡುವೆ ಬರೀ 0.2 ಮಿಲಿಮೀಟರ್ ಸಂದು ಇದೆ ಅಂದುಕೊಳ್ಳಿ. ಅಲ್ಲಿಂದ 150 ಮಿಲಿಮೀಟರ್ ದೂರದಲ್ಲಿ ಪಟ್ಟಿಯ ತುದಿ ಹತ್ತಿರ ಹತ್ತಿರ 2 ಮಿಲಿಮೀಟರ್ ಆಡುತ್ತದೆ. ಅಂಥ ಕೀಲು ಮೂರ್ನಾಲ್ಕು ಸೇರಿದರೆ, ಬಾನೆಟ್‌ನ ಮೂತಿ ಅಷ್ಟು ದೂರದಲ್ಲಿದ್ದರೆ, ಓಲಾಡದೆ ಇನ್ನೇನು ಮಾಡೀತು?

ಬಿಗಿಯಾದ ಕೀಲಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಆಡಿಸಿ, ಮತ್ತೆ ಹಾಕಿ. ಕೆಂಪು ಕೆಸರು ಹೊರಗೆ ಬರುತ್ತದೆ. ಅದು ಬರುವುದು ನಿಲ್ಲುವವರೆಗೂ ಬಿಡಬೇಡಿ.

ಇಲ್ಲಿ ನನಗಾದ ಒಂದು ನಷ್ಟವನ್ನು ಹೇಳಲೇಬೇಕು. ಮೊದಲ ಸಲ ನಾನು ಹಿಂಜನ್ನು ಬಿಡಿಸದೆ ಇಡಿಯಾಗಿ, ಮರಳು ರಭಸದಿಂದ ಊದಿ ತುಕ್ಕು ತೆಗೆಯುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕೊಟ್ಟೆ. ಬಂದಾಗ ಬೆಳ್ಳಿ ಥರ ಹೊಳೆಯುತ್ತಿತ್ತು. ಆಡಿಸಿದರೆ ಕರ ಕರ ಅಂದಿತು. ಮರಳಿನ ಪುಡಿ ಪಟ್ಟಿಗಳ ನಡುವೆ ಹೋಗಿ ಕೂತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ, ಗಾಳಿ ಹೊಡೆದು, ಮತ್ತೆ ಅದ್ದಿ, ಏನು ಮಾಡಿದರೂ ಪೂರ್ತಿ ಬರಲಿಲ್ಲ. ಎಣ್ಣೆ ಜೊತೆ ಸೇರಿದ ಮರಳು ಉಜ್ಜುವ ಪೇಸ್ಟ್ ಆಗಿಬಿಡುತ್ತದೆ. ಚೆನ್ನಾಗಿದ್ದ ಎರಡು ಕೀಲುಗಳೂ ಅದರಿಂದ ಸವೆದವು. ಬ್ಲಾಸ್ಟಿಂಗ್ ಬೇಕಿದ್ದರೆ ರಿವೆಟ್ ತೆಗೆದ ಮೇಲೆ ಬಿಡಿ ಪಟ್ಟಿಗಳಿಗೆ ಮಾಡಿಸಿ. ಇಡಿಯಾಗಿದ್ದರೆ ತಂತಿ ಬ್ರಷ್ಷೇ ಸಾಕು.

ರಿಪೇರಿ ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ತೂತಿನ ಮೇಲೆ ನಿಂತಿದೆ. ಪಟ್ಟಿ ಪಕ್ಕಕ್ಕೆ ಮಾತ್ರ ಆಡುತ್ತಿದೆ, ತೂತು ಸವೆದಿಲ್ಲ ಅಂದರೆ ರಿವೆಟನ್ನೇ ಬಿಗಿ ಮಾಡಬಹುದು. ರಿವೆಟ್‌ನ ಒಂದು ತಲೆಯನ್ನು ದಪ್ಪ ಕಬ್ಬಿಣದ ಮೇಲೆ ಕೂರಿಸಿ, ಇನ್ನೊಂದು ತಲೆಯ ಅಂಚಿಗೆ ಗುಂಡು ಮೂತಿಯ ಸುತ್ತಿಗೆಯಲ್ಲಿ ಸುತ್ತಲೂ ಸಣ್ಣ ಸಣ್ಣ ಏಟು ಹೊಡೆಯಿರಿ. ನಾಲ್ಕು ಏಟಿಗೊಮ್ಮೆ ಆಡಿಸಿ ನೋಡಿ. ಒಂದು ಏಟು ಜಾಸ್ತಿ ಆದರೆ ಕೀಲು ಬಿಗಿದುಕೊಳ್ಳುತ್ತದೆ.

ತೂತು ಸವೆದಿದ್ದರೆ ಎಷ್ಟು ಸುತ್ತಿಗೆ ಹೊಡೆದರೂ ಪ್ರಯೋಜನ ಇಲ್ಲ, ರಿವೆಟ್ ತೆಗೆಯಬೇಕು. ತಲೆಯ ನಟ್ಟನಡುವೆ ಸೆಂಟರ್ ಪಂಚ್ (ಚೂಪು ಮೂತಿಯ ಉಕ್ಕಿನ ಕಡ್ಡಿ) ಇಟ್ಟು ಹೊಡೆದು ಗುರುತು ಹಾಕಿ. ಮೊದಲು 3 ಮಿಲಿಮೀಟರ್ ಡ್ರಿಲ್, ಆಮೇಲೆ ದೊಡ್ಡದು. ತಲೆ ಉದುರುವಷ್ಟು ಆಳ ಸಾಕು, ಪಟ್ಟಿಗೆ ತಾಗಬಾರದು. ಉಳಿದದ್ದನ್ನು ಪಂಚ್ ಇಟ್ಟು ಹೊಡೆದರೆ ಹೊರಗೆ ಬರುತ್ತದೆ. ತೆಗೆದ ರಿವೆಟನ್ನು ಬಿಸಾಡಬೇಡಿ, ಅಳತೆಗೆ ಬೇಕು.

ಒರೆಸಿ ಒಂದು ರಿವೆಟ್ ಕೈಯಲ್ಲಿ ಹಿಡಿದು ನೋಡಿ. ಸುಮ್ನೆ ನೇರ ಕಡ್ಡಿ ಥರ ಇರುವುದಿಲ್ಲ, ನಡುವೆ ಒಂದು ಮೆಟ್ಟಿಲು ಇರುತ್ತದೆ. ದಪ್ಪ ಭಾಗದ ಮೇಲೆ ಒಂದು ಪಟ್ಟಿ ತಿರುಗುತ್ತದೆ. ಸಣ್ಣ ಭಾಗ ಇನ್ನೊಂದು ಪಟ್ಟಿಯೊಳಗೆ ಬಿಗಿಯಾಗಿ ಕೂತಿರುತ್ತದೆ. ಇಡೀ ಗುಟ್ಟು ಆ ದಪ್ಪ ಭಾಗದ ಉದ್ದದಲ್ಲಿದೆ. ತಿರುಗುವ ಪಟ್ಟಿ 4 ಮಿಲಿಮೀಟರ್ ದಪ್ಪ ಇದ್ದರೆ ಆ ಉದ್ದ 4.1 ಇರಬೇಕು. ಕಡಿಮೆಯಾದರೆ ಕೀಲು ತಿರುಗದು, ಜಾಸ್ತಿಯಾದರೆ ಮತ್ತೆ ಓಲಾಟ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬೋಲ್ಟ್ ನಟ್ ಹಾಕಿ ಬಿಗಿ ಮಾಡಿದವರ ಹಿಂಜ್ ಯಾಕೆ ನಿಲ್ಲುವುದಿಲ್ಲ ಅಂದರೆ ಇದಕ್ಕೇ. ಬೋಲ್ಟ್ ಬಿಗಿ ಮಾಡಿದರೆ ಪಟ್ಟಿ ಹಿಡಿದುಕೊಳ್ಳುತ್ತದೆ, ಸಡಿಲ ಬಿಟ್ಟರೆ ಓಲಾಡುತ್ತದೆ. ಅದರ ಚೂಡಿಯೇ (ಬೋಲ್ಟ್ ಮೇಲಿನ ಸುರುಳಿ ಏಣು) ಪಟ್ಟಿಯ ತೂತನ್ನು ಗರಗಸದ ಹಾಗೆ ತಿನ್ನುತ್ತದೆ.

ತೂತನ್ನು ಸೂಕ್ಷ್ಮ ಅಳತೆಯ ವರ್ನಿಯರ್‌ನಲ್ಲಿ ಎರಡು ದಿಕ್ಕಿಗೂ ಅಳೆಯಿರಿ. ಒಂದು ಕಡೆ 10, ಇನ್ನೊಂದು ಕಡೆ 10.4 ಮಿಲಿಮೀಟರ್ ಬಂತು ಅಂದುಕೊಳ್ಳಿ. ರೀಮರ್ (ತೂತನ್ನು ಸರಿಯಾದ ಅಳತೆಗೆ ಅಗಲಿಸುವ ಹತಾರ) ಹಾಕಿ 11ಕ್ಕೆ ದುಂಡಗೆ ಮಾಡಿ. ಆದರೆ ತೂತು ಒಂದೇ ಪಕ್ಕಕ್ಕೆ ಸವೆದಿರುತ್ತದೆ. ಸುಮ್ನೆ ಕೈ ಹೋದ ಕಡೆ ರೀಮ್ ಮಾಡಿದರೆ ನಡುಬಿಂದು ಸವೆದ ಕಡೆಗೇ ಸರಿಯುತ್ತದೆ, ಕೀಲಿನಿಂದ ಕೀಲಿಗೆ ಇರುವ ದೂರ ಬದಲಾಗುತ್ತದೆ. ನಾನು ಚಪ್ಪಟೆ ಪಟ್ಟಿಗಳನ್ನು ಇನ್ನೊಂದು ಹಿಂಜ್‌ನ ಜೊತೆ ಪಟ್ಟಿಯ ಮೇಲೆ ಮಗುಚಿ ಇಟ್ಟು, ಸವೆಯದ ಅಂಚು ಹೊಂದಿಸಿ ಕ್ಲಾಂಪ್ ಹಾಕಿ, ನಡುಬಿಂದು ಗುರುತು ಮಾಡಿಕೊಂಡೆ. ತೂತು ತೀರಾ ಹೋಗಿದ್ದರೆ ವೆಲ್ಡಿಂಗ್‌ನಲ್ಲಿ ಪೂರ್ತಿ ತುಂಬಿ, ಉಜ್ಜಿ ಸಮ ಮಾಡಿ, ಹೊಸದಾಗಿ ತೂತು ಕೊರೆಯಬಹುದು. ಪಟ್ಟಿಯ ಅಂಚಿನಲ್ಲಿ ಜಾಗ ಇದ್ದರೆ ತೆಳು ಕಂಚಿನ ಬುಷ್ (ತೂತಿನೊಳಗೆ ಕೂರುವ ಉಂಗುರ) ಕೂರಿಸುವುದು ಇನ್ನೂ ಒಳ್ಳೆಯದು. ಮುಂದೆ ಸವೆದರೂ ಬುಷ್ ಸವೆಯುತ್ತದೆ, ಪಟ್ಟಿ ಉಳಿಯುತ್ತದೆ.

ಹಳೇ ರಿವೆಟನ್ನು ಮಾದರಿಯಾಗಿ ಕೊಟ್ಟು, ಹೊಸ ಅಳತೆ ಬರೆದು, ಲೇತ್‌ನಲ್ಲಿ ಪಿನ್ ಮಾಡಿಸಿಕೊಳ್ಳಿ. ಎಲ್ಲಾ ತೂತಿಗೂ ಒಂದೇ ಅಳತೆ ಅಂದುಕೊಳ್ಳಬೇಡಿ, ಒಂದೊಂದಕ್ಕೂ ಚೀಟಿ ಅಂಟಿಸಿ. ಜೋಡಿಸುವಾಗ ಗ್ರೀಸ್ ಸವರಿ, ಸಣ್ಣ ತುದಿಯನ್ನು ಸುತ್ತಿಗೆಯಲ್ಲಿ ಅಗಲಿಸಿ. ಹೊಡೆಯುವಾಗ ಪಟ್ಟಿಗಳ ನಡುವೆ ಒಂದು ಕಾಗದದ ಚೂರು ಇಡಿ. ಹೊಡೆದಾದ ಮೇಲೆ ಅದನ್ನು ಎಳೆದು ತೆಗೆಯಿರಿ, ಆ ಕಾಗದದಷ್ಟು ಸಂದು ಕೀಲು ತಿರುಗಲು ಉಳಿಯುತ್ತದೆ. ಕೊನೆಯ ಪಿನ್ ಹೊಡೆದು, ಕಾಗದ ಎಳೆದು, ಹಿಂಜನ್ನು ಮಡಚಿದೆ. ಒಂದು ಸದ್ದಿಲ್ಲದೆ ಮಡಚಿತು. ಆ ಸಂಜೆ ಅದನ್ನು ಎಷ್ಟು ಸಲ ಮಡಚಿ ಬಿಚ್ಚಿದೆನೋ ಲೆಕ್ಕ ಇಲ್ಲ.

ಬಣ್ಣದ ವಿಷಯ. ಆ ಕಾಲದ ಅನೇಕ ಹಿಂಜ್‌ಗಳಿಗೆ ಫ್ಯಾಕ್ಟರಿಯಲ್ಲಿ ಬೂದು ಬಣ್ಣದ ಫಾಸ್ಫೇಟ್ ಲೇಪ ಇರುತ್ತಿತ್ತು. ಅದು ತೆಳ್ಳಗಿರುತ್ತದೆ, ಎಣ್ಣೆ ಹೀರಿಕೊಳ್ಳುತ್ತದೆ. ನನ್ನ ಮತ ಅದಕ್ಕೇ. ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಹಚ್ಚುವ ಪೌಡರ್ ಕೋಟಿಂಗ್ ದಪ್ಪ, ಕೀಲಿನ ನಡುವೆ ಹೋಗಿ ಬಿಗಿ ಮಾಡುತ್ತದೆ, ಆಮೇಲೆ ಚಕ್ಕೆ ಏಳುತ್ತದೆ. ಸ್ಪ್ರಿಂಗ್‌ಗೆ ಮಾತ್ರ ಬೆಂಕಿ ತೋರಿಸಬೇಡಿ, ಅದರ ಹದ ಕೆಡುತ್ತದೆ. ಆಸಿಡ್‌ನಲ್ಲೂ ಅದ್ದಬೇಡಿ. ಗಟ್ಟಿ ಉಕ್ಕು ಆಸಿಡ್‌ನಲ್ಲಿ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ, ಆಮೇಲೆ ಯಾವತ್ತೋ ಹೇಳದೆ ಕೇಳದೆ ತುಂಡಾಗುತ್ತದೆ. ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು.

ಪಟ್ಟಿ ಬಿರುಕು ಬಿಟ್ಟಿದೆ, ಹೊಸದೇ ಗತಿ ಅಂದರೆ, ಹೊಸ ಹಿಂಜನ್ನು ಹಳೆಯದರ ಮೇಲಿಟ್ಟು ತೂತುಗಳ ದೂರ ಹೋಲಿಸಿ ನೋಡಿ. ಜೊತೆಗೆ ಬರುವ ಹೊಸ ಸ್ಪ್ರಿಂಗ್ ಬಹಳ ಸಲ ಬೇಕಾದ್ದಕ್ಕಿಂತ ಬಲವಾಗಿರುತ್ತದೆ, ಅದೂ ಬಾನೆಟ್ ಬಗ್ಗಿಸುತ್ತದೆ. ಹಳೇ ಸ್ಪ್ರಿಂಗ್ ಚೆನ್ನಾಗಿದ್ದರೆ ಅದನ್ನೇ ಹಾಕಿ. ಹಗುರವಾದ ಫೈಬರ್ ಬಾನೆಟ್ ಹಾಕಿಸಿಕೊಂಡವರಿಗೆ ಫ್ಯಾಕ್ಟರಿ ಸ್ಪ್ರಿಂಗ್ ಕೂಡ ಜಾಸ್ತಿಯೇ.

ವಾಪಸ್ ಕೂರಿಸುವಾಗ ಮೊದಲು ಸ್ಪ್ರಿಂಗ್ ಇಲ್ಲದೆ, ಲಾಕ್ ಬಿಚ್ಚಿಟ್ಟು, ಹಳೇ ಗೆರೆಗೆ ಹೊಂದಿಸಿ ಬೋಲ್ಟ್ ಅರೆಬಿಗಿ ಮಾಡಿ. ಬಾನೆಟ್ ನಿಧಾನ ಇಳಿಸಿ. ಅದರ ಭಾರಕ್ಕೇ ಅದು ಹಿಂದೆಯೂ ಮುಂದೆಯೂ ಕೂರಬೇಕು. ಮುಂದೆ ಹಿಂದೆ ಸರಿಸಲು ಬಾನೆಟ್ ಕಡೆಯ ಬೋಲ್ಟ್, ಹಿಂಭಾಗ ಏರಿಸಿ ಇಳಿಸಲು ಬಾಡಿ ಕಡೆಯ ಬೋಲ್ಟ್, ಮುಂದಿನ ಎತ್ತರಕ್ಕೆ ರಬ್ಬರ್ ಗುಂಡಿಗಳು. ಹಿಂದಿನ ಮೂಲೆ ಇನ್ನೂ ಚೂರು ಎದ್ದಿದ್ದರೆ, ಹಿಂಜ್ ಮತ್ತು ಬಾನೆಟ್ ನಡುವೆ ಮುಂದಿನ ಬೋಲ್ಟ್‌ಗೆ ಒಂದು ತೆಳು ವಾಷರ್ ಕೊಡಿ, ಮೂಲೆ ತಗ್ಗುತ್ತದೆ. ಸಂದು ಎಲ್ಲಾ ಕಡೆ ಸಮ ಬಂದ ಮೇಲೆ ಬೋಲ್ಟ್ ಪೂರ್ತಿ ಬಿಗಿ ಮಾಡಿ. ಬಾನೆಟ್ ಪೂರ್ತಿ ಎತ್ತಿ ವಾಷರ್ ತುಂಬಿದ ಸ್ಪ್ರಿಂಗ್ ಸಿಕ್ಕಿಸಿ, ಅರ್ಧ ಇಳಿಸಿ, ಸಡಿಲಾದ ವಾಷರ್‌ಗಳನ್ನು ಎಣಿಸಿಕೊಂಡು ತೆಗೆಯಿರಿ.

ಲಾಕ್ ವಾಪಸ್ ಹಾಕಿದ ಮೇಲೆ ಅದರ ಎರಡನೇ ಕೊಕ್ಕೆ, ಅಂದರೆ ಬಾನೆಟ್ ತಾನಾಗಿ ಹಾರದಂತೆ ತಡೆಯುವ ಕೊಕ್ಕೆ, ಸರಿಯಾಗಿ ಹಿಡಿಯುತ್ತಾ ಅಂತ ಕೈಯಲ್ಲಿ ಎತ್ತಿ ನೋಡದೆ ಗಾಡಿ ರಸ್ತೆಗಿಳಿಸಬೇಡಿ. ಹಿಂಜ್ ಸ್ವಲ್ಪ ಸರಿದರೂ ಆ ಕೊಕ್ಕೆಯ ಜಾಗ ತಪ್ಪುತ್ತದೆ. ಹಿಂಜ್ ಬಿಚ್ಚಿದ ಮೇಲೆ ಯಾವ ಕೀಲು ಸಡಿಲ, ಯಾವುದು ಬಿಗಿ ಅಂತ ಬರೆದು ಫೋಟೋ ಹಾಕಿ, ಮುಂದಿನ ಹೆಜ್ಜೆ ಒಟ್ಟಿಗೆ ನೋಡೋಣ.