ಓದುಗರ ಪ್ರಶ್ನೆ: ಹಾಳೂರ ದಿಣ್ಣೆ ಉಪಗ್ರಹದ ಕಣ್ಣಿಗೆ ಬೀಳುವುದೇ?

ಪ್ರಶ್ನೆ: ನಮ್ಮೂರಿನ ಹೊರಗೆ ಹಿರಿಯರು ‘ಹಾಳೂರ ದಿಣ್ಣೆ’ ಎಂದು ಕರೆಯುವ ಎತ್ತರದ ಹೊಲವಿದೆ. ಉತ್ತಾಗಲೆಲ್ಲ ಮಡಕೆ ಚೂರುಗಳು ಮೇಲೇಳುತ್ತವೆ. ಮೊಬೈಲಿನಲ್ಲಿ ಉಪಗ್ರಹ ಚಿತ್ರವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಸುತ್ತಲಿನ ಜಮೀನಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಏನೂ ಇಲ್ಲವೆಂದು ತಿಳಿಯಬೇಕೆ?
– ಓದುಗರೊಬ್ಬರು, ಮಳವಳ್ಳಿ ತಾಲ್ಲೂಕು

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಕಾಣದಿರುವುದಕ್ಕೆ ಮೊದಲ ಕಾರಣ ಅಳತೆ. ನಮ್ಮ ದೇಶದ ಲಿಸ್–3 ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ 23.5 ಮೀಟರ್ ಉದ್ದಗಲದ ಜಾಗ. ರೈತರ ಲೆಕ್ಕದಲ್ಲಿ ಸುಮಾರು ಐದೂವರೆ ಗುಂಟೆ. ಯುರೋಪಿನ ಸೆಂಟಿನೆಲ್–2 ಉಪಗ್ರಹದ ಚುಕ್ಕಿ 10 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್–1ರದ್ದು 2.5 ಮೀಟರ್. ಕೋಟೆಯ ಕಂದಕ, ಕೆರೆಯ ಏರಿ, ಹತ್ತಾರು ಎಕರೆಯ ದಿಬ್ಬ ಇವೆಲ್ಲ ಗುಂಟೆಯ ಚುಕ್ಕಿಯಲ್ಲೂ ಸಿಗುತ್ತವೆ. ಹಳೆಯ ಗೋರಿಯ ಸುತ್ತ ಕಲ್ಲು ಜೋಡಿಸಿದ ಐದಾರು ಮೀಟರ್ ಅಗಲದ ಶಿಲಾವೃತ್ತವಾಗಲಿ, ಬದುವಿನಲ್ಲಿ ಒರಗಿ ನಿಂತ ವೀರಗಲ್ಲಾಗಲಿ ಸಿಗುವುದಿಲ್ಲ. ಮೊಬೈಲಿನ ಚಿತ್ರ ಇದಕ್ಕಿಂತ ಸೂಕ್ಷ್ಮವೆಂಬುದು ನಿಜ. ಆದರೆ ಅದನ್ನು ಯಾವ ತಿಂಗಳಲ್ಲಿ ತೆಗೆದರೆಂದು ನೋಡದೆ ತೀರ್ಮಾನಕ್ಕೆ ಬರಬಾರದು.

ಏಕೆಂದರೆ ಉಪಗ್ರಹ ಮಣ್ಣಿನೊಳಗಿನ ಗೋಡೆಯನ್ನು ಕಾಣುವುದಿಲ್ಲ, ಆ ಗೋಡೆಯ ಮೇಲೆ ಬೆಳೆದ ಪೈರನ್ನು ಕಾಣುತ್ತದೆ. ಅಡಿಯಲ್ಲಿ ಕಲ್ಲಿನ ತಳಪಾಯವಿದ್ದರೆ ಮೇಲಿನ ಮಣ್ಣು ತೆಳುವಾಗಿ, ಮಳೆ ಕೈಕೊಟ್ಟ ವರ್ಷ ಅಲ್ಲಿನ ರಾಗಿ ಅಥವಾ ಹುರುಳಿ ಉಳಿದದ್ದಕ್ಕಿಂತ ಮೊದಲು ಒಣಗುತ್ತದೆ. ಮುಚ್ಚಿಹೋದ ಕಂದಕವಿದ್ದರೆ ತೇವ ನಿಂತು ಆ ಸಾಲಷ್ಟೇ ಹಸಿರಾಗಿ ಉಳಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಆರೋಗ್ಯವಾದ ಎಲೆ ಹೆಚ್ಚಾಗಿ ಹಿಂದಿರುಗಿಸುವುದರಿಂದ, ಪೈರು ಸೊರಗುವುದು ನಮಗೆ ತಿಳಿಯುವ ಮುನ್ನವೇ ಉಪಗ್ರಹದ ಕ್ಯಾಮೆರಾಕ್ಕೆ ತಿಳಿಯಬಹುದು. ಈ ಉಪಾಯ ಮಂಡ್ಯದ ನಾಲಾ ಬಯಲಿನಲ್ಲಿ ಮಾತ್ರ ಕೈಗೂಡುವುದು ಕಷ್ಟ. ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಗದ್ದೆಯಲ್ಲಿ ತಳಪಾಯದ ಮೇಲಿನ ಭತ್ತವೂ ಪಕ್ಕದ ಭತ್ತವೂ ಒಂದೇ ಹಸಿರು. ಕಬ್ಬು ಎದೆಯುದ್ದ ಬೆಳೆದ ಮೇಲಂತೂ ದಿಣ್ಣೆಯ ಏರಿಳಿತವೇ ಮರೆಯಾಗುತ್ತದೆ. ನಿಮ್ಮದು ಮಳೆಯಾಧಾರಿತ ಹೊಲವಾಗಿದ್ದರೆ ಮಳೆ ನಿಂತು ಪೈರು ಬಾಡತೊಡಗುವ ಕಾಲದ ಚಿತ್ರವನ್ನೂ ಬೇಸಿಗೆಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜೆಸಿಬಿ ಬಂದು ದಿಬ್ಬಗಳನ್ನು ಮಟ್ಟ ಮಾಡುವುದಕ್ಕಿಂತ ಮುಂಚಿನ ನೆಲ ಬೇಕೆಂದರೆ 1960ರಿಂದ 1972ರವರೆಗೆ ಅಮೆರಿಕದ ಕೊರೋನಾ ಬೇಹು ಉಪಗ್ರಹಗಳು ತೆಗೆದ ಕಪ್ಪುಬಿಳುಪು ಚಿತ್ರಗಳಿವೆ. ಬೇಹುಗಾರಿಕೆಗೆಂದು ತೆಗೆದ ಆ ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಿದ ಮೇಲೆ ಅವುಗಳಿಂದ ಹೆಚ್ಚು ಲಾಭ ಪಡೆದವರಲ್ಲಿ ಪುರಾತತ್ತ್ವದವರೂ ಸೇರಿದ್ದಾರೆ.

ಇಷ್ಟಾದ ಮೇಲೂ ಚಿತ್ರ ಹೇಳುವುದು ಎಲ್ಲಿಗೆ ನಡೆಯಬೇಕೆಂಬುದನ್ನು ಮಾತ್ರ. ಹೊರಡುವ ಮುನ್ನ ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ತೆಗೆಸಿ ನೋಡಿ. ಜನವಸತಿ ಇಲ್ಲದ ಗ್ರಾಮವನ್ನು ದಾಖಲೆಗಳಲ್ಲಿ ‘ಬೇಚಿರಾಕ್’ ಎಂದು ಬರೆದಿರುತ್ತಾರೆ, ಇಂಥ ಹುಡುಕಾಟದಲ್ಲಿ ಆ ಒಂದು ಪದ ಎಷ್ಟೋ ಉಪಗ್ರಹ ಚಿತ್ರಗಳಿಗೆ ಸಮ ಎಂಬುದು ನನ್ನ ಅಭಿಪ್ರಾಯ. ಉತ್ತ ನೆಲದ ಮೇಲೆ ಒಂದು ಹದ ಮಳೆ ಬಿದ್ದು, ಚೂರುಗಳ ಮೇಲಿನ ಧೂಳು ತೊಳೆದುಹೋದ ಮರುದಿನ ಹೋಗುವುದು ಉತ್ತಮ. ನಾಲ್ಕೈದು ಮಂದಿ ಐದೈದು ಮೀಟರ್ ಅಂತರದಲ್ಲಿ ಸಾಲಾಗಿ ನಡೆದು, ಯಾವ ಭಾಗದಲ್ಲಿ ಎಷ್ಟು ಚೂರು ಬಿದ್ದಿವೆಯೆಂದು ಎಣಿಸಿ ಬರೆದುಕೊಳ್ಳಬೇಕು. ಚೂರು ಇಲ್ಲದ ಜಾಗವನ್ನೂ ಬರೆಯಲೇಬೇಕು. ಊರಿನ ಎಲ್ಲೆ ತಿಳಿಯುವುದು ಅದರಿಂದಲೇ.

ಒಂದು ಚೂರನ್ನು ಗಮನಿಸಿ ನೋಡಿ. ಒಳಮೈ ಮತ್ತು ಬಾಯಂಚು ಕಪ್ಪಾಗಿದ್ದು, ಹೊರಮೈಯ ಕೆಳಭಾಗ ಕೆಂಪಾಗಿದ್ದರೆ ಅದು ಕಪ್ಪು–ಕೆಂಪು ಮಡಕೆಯ ಜಾತಿಯದು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗಿ, ಗಾಳಿ ತಗುಲಿದ ಭಾಗ ಕೆಂಪಾಗಿ ಬಂದದ್ದೆಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ದಕ್ಷಿಣದಲ್ಲಿ ಕಬ್ಬಿಣಯುಗದ ಗೋರಿಗಳಲ್ಲಿ ಇದು ಹೇರಳ. ಈ ಬಣ್ಣವನ್ನು ಯಾವ ಉಪಗ್ರಹವೂ ಓದಲಾರದು.

ಪ್ರಶ್ನೆ: ತಲಕಾಡಿನ ಮರಳಿನಡಿ ಇನ್ನೂ ಗುಡಿಗಳಿದ್ದರೆ ಉಪಗ್ರಹದಿಂದ ತಿಳಿಯಲು ಸಾಧ್ಯವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನೇರವಾಗಿ ಸಾಧ್ಯವಿಲ್ಲ. 1981ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯ ರೇಡಾರ್ ಸಹಾರಾ ಮರುಭೂಮಿಯ ಮರಳಿನಡಿ ಹುದುಗಿದ್ದ ಹಳೆಯ ನದಿಪಾತ್ರಗಳನ್ನು ತೋರಿಸಿತು. ಅಲ್ಲಿನ ಮರಳು ಎಲುಬಿನಂತೆ ಒಣಗಿದ್ದು. ಕಾವೇರಿಯ ದಡದ ಮರಳಿನಲ್ಲಿ ತೇವವಿದೆ, ಮೇಲೆ ಮರಗಳಿವೆ. ರೇಡಾರಿನ ಅಲೆ ಆಳಕ್ಕೆ ಇಳಿಯುವುದಿಲ್ಲ. ನೆಲದ ಮೇಲೆಯೇ ಎಳೆದುಕೊಂಡು ಹೋಗುವ ರೇಡಾರ್ ಯಂತ್ರದಿಂದ ಹೆಚ್ಚು ನಿರೀಕ್ಷಿಸಬಹುದು.

ಉಪಗ್ರಹದ ಉಪಯೋಗ ಇಲ್ಲಿ ಬೇರೆ. ಮೇಲಿನಿಂದ ನೋಡಿದಾಗ ನದಿಯ ತಿರುವು, ಅದು ಬಿಟ್ಟುಹೋದ ಹಳೆಯ ಪಾತ್ರಗಳು, ಮರಳು ಹರಡಿದ ದಿಕ್ಕು ಇವೆಲ್ಲ ಒಂದೇ ನೋಟಕ್ಕೆ ಬರುತ್ತವೆ. ತಿರುವಿನ ಒಳಬದಿಯಲ್ಲಿ ಮರಳು ನಿಲ್ಲುವುದು, ಹೊರಬದಿಯನ್ನು ನೀರು ಕೊರೆದು ಮಡು ಮಾಡುವುದು ನದಿಯ ಸಹಜ ಗುಣ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪವೂ ಇವೆರಡನ್ನೇ ಜೊತೆಯಾಗಿ ಹೇಳುತ್ತದೆ. ಶಾಪದ ಕಥೆ ಕಟ್ಟಿದವರು ನದಿಯನ್ನು ಚೆನ್ನಾಗಿ ಬಲ್ಲವರೇ ಇದ್ದಿರಬೇಕು.

ಪ್ರಶ್ನೆ: ಹೊಲದಲ್ಲಿ ಹಳೆಯ ವಸ್ತು ಸಿಕ್ಕಿದರೆ ಯಾರಿಗೆ ತಿಳಿಸಬೇಕು?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಾಣ್ಯ, ಆಭರಣದಂತಹ ನಿಧಿಯಾಗಿದ್ದರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಶಾಸನ, ವೀರಗಲ್ಲು, ಮಡಕೆಯಾದರೆ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಿ, ಅದರ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಅಕ್ಷರ ಓದುವ ಆಸೆಯಿಂದ ಕಲ್ಲಿಗೆ ಸುಣ್ಣ ಬಳಿಯುವುದು, ಕಬ್ಬಿಣದ ಬ್ರಷ್ ಹಾಕಿ ಉಜ್ಜುವುದು ಬೇಡ. ವಸ್ತುವನ್ನು ಸಿಕ್ಕಿದ ಜಾಗದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸರ್ವೆ ನಂಬರ್ ಮತ್ತು ಮೊಬೈಲ್ ತೋರಿಸುವ ಅಕ್ಷಾಂಶ–ರೇಖಾಂಶಗಳನ್ನು ಬರೆದಿಟ್ಟುಕೊಳ್ಳಿ.