ಓದುಗರ ಪ್ರಶ್ನೆ, ನಮ್ಮ ಉತ್ತರ: ಎಡಿಎಚ್‌ಡಿ ಇರುವ ಮಕ್ಕಳು ಕಾಲೇಜಿಗೆ ಹೊರಟಾಗ

ಹನ್ನೆರಡನೆಯ ತರಗತಿಯ ಫಲಿತಾಂಶದ ಬೆನ್ನಿಗೇ ಮುಂಬಯಿ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ಒಂದೇ ಚಿಂತೆ ಮತ್ತೆ ಮತ್ತೆ ಕಂಡಿತು. ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದ್ದು ಗಮನ ನಿಲ್ಲದ, ಕೆಲಸ ಶುರುಮಾಡಲಾಗದ, ಹೊತ್ತಿನ ಅಂದಾಜು ಸಿಗದ ಮಕ್ಕಳು ಕಾಲೇಜಿನಲ್ಲಿ ಹೇಗೆ ನಿಭಾಯಿಸಿಯಾರು? ಕೆಲವು ಪತ್ರಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗನಿಗೆ ಎಡಿಎಚ್‌ಡಿ ಇರುವುದು ಹದಿನೈದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಈಗ ಹನ್ನೆರಡನೇ ಕಾಮರ್ಸ್‌ನಲ್ಲಿ 86 ಪರ್ಸೆಂಟ್ ತೆಗೆದಿದ್ದಾನೆ. ಚರ್ಚ್‌ಗೇಟ್ ಕಡೆಯ ಹೆಸರುವಾಸಿ ಕಾಲೇಜಿನಲ್ಲಿ ಸೀಟು ಸಿಗಬಹುದು. ಮನೆ ಹತ್ತಿರವೂ ಒಂದು ಕಾಲೇಜಿದೆ. ನೆಂಟರೆಲ್ಲ ‘ಹೆಸರಿರುವ ಕಾಲೇಜು ಬಿಡಬೇಡಿ’ ಅನ್ನುತ್ತಾರೆ. ಏನು ಮಾಡೋಣ? (ತಾಯಿ, ಡೊಂಬಿವಲಿ)

ಉತ್ತರ: ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಎರಡೂ ಕಡೆ ಅವನ ಒಂದು ಮಂಗಳವಾರ ಹೇಗಿರುತ್ತದೆ ಎಂದು ಬರೆದು ನೋಡಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೂ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ವೆಸ್ಟರ್ನ್ ಲೈನಿನ ಗಾಡಿ ಹಿಡಿದು ಚರ್ಚ್‌ಗೇಟ್ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಹೋಗುತ್ತದೆ. ಹಲವು ಕಾಲೇಜುಗಳಲ್ಲಿ ಸೆಲ್ಫ್ ಫೈನಾನ್ಸ್ (ಅನುದಾನವಿಲ್ಲದ) ಕೋರ್ಸುಗಳ ಲೆಕ್ಚರ್ ಬೆಳಿಗ್ಗೆ ಏಳು, ಏಳೂವರೆಗೇ ಶುರು. ಅಂದರೆ ಐದಕ್ಕೆ ಏಳಬೇಕು. ಎಡಿಎಚ್‌ಡಿ ಇರುವ ಅನೇಕ ಹರೆಯದವರಿಗೆ ನಿದ್ದೆ ಬರುವುದೇ ತಡವಾಗಿ, ಮೈಯ ಗಡಿಯಾರವೇ ಹಾಗೆ ಹಿಂದೆ ಸರಿದಿರುತ್ತದೆ. ಇಂಥವರು ಐದಕ್ಕೆ ಏಳುವ ಕಾಲೇಜಿಗೆ ಸೇರಿದರೆ ಜುಲೈ ತಿಂಗಳು ಹೇಗೋ ದಾಟುತ್ತದೆ. ಗಣೇಶ ಚೌತಿಯ ಹೊತ್ತಿಗೆ ಮೊದಲ ಲೆಕ್ಚರ್ ತಪ್ಪತೊಡಗುತ್ತದೆ, ಸೆಮಿಸ್ಟರ್ ಕೊನೆಗೆ 75 ಪರ್ಸೆಂಟ್ ಹಾಜರಿ ಇಲ್ಲವೆಂದು ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಬುದ್ಧಿ ಕಡಿಮೆಯಾಗಿ ಸೋತವರಿಗಿಂತ ಹೀಗೆ ಸೋತವರೇ ಹೆಚ್ಚು.

ಇನ್ನೊಂದು ಮಾತು. 86 ಪರ್ಸೆಂಟ್ ಅವನದೇ, ಆದರೆ ಅದರ ಹಿಂದೆ ನಿಮ್ಮ ದುಡಿಮೆಯೂ ಇರಬೇಕು. ಎಬ್ಬಿಸಿದ್ದು, ಚೀಲ ನೋಡಿದ್ದು, ಕ್ಲಾಸಿಗೆ ಹೊರಡಿಸಿದ್ದು, ಹಾಲ್ ಟಿಕೆಟ್ ಜೋಪಾನ ಮಾಡಿದ್ದು. ಕಾಲೇಜಿನಲ್ಲಿ ಈ ಆಸರೆ ಒಮ್ಮೆಲೇ ಕಳಚುತ್ತದೆ. ಎಫ್.ವೈ.ಯಲ್ಲಿ, ಅಂದರೆ ಮೊದಲ ವರ್ಷದಲ್ಲಿ, ಎಡವುವುದಕ್ಕೆ ಮುಖ್ಯ ಕಾರಣ ಇದು. ಹಾಗಾಗಿ ಪ್ರಯಾಣ ಉಳಿಸಿದ ಎರಡು ಮೂರು ಗಂಟೆಯ ಬೆಲೆ ಅವನ ವಿಷಯದಲ್ಲಿ ದೊಡ್ಡದು.

ಎರಡೂ ಕಾಲೇಜಿಗೆ ಮಗನೊಂದಿಗೇ ಹೋಗಿ ಬನ್ನಿ, ಅದೂ ಪಾಠ ನಡೆಯುವ ಮಾಮೂಲಿ ದಿನ, ಅವನು ಹೋಗಬೇಕಾದ ಹೊತ್ತಿನ ಗಾಡಿಯಲ್ಲೇ. ಆಫೀಸಿನಲ್ಲಿ ಕೇಳಬೇಕಾದ್ದು: ಒಂದು ಡಿವಿಜನ್‌ನಲ್ಲಿ ಎಷ್ಟು ಮಂದಿ? ಆಂತರಿಕ ಅಂಕ ಎಷ್ಟು, ಅದು ಒಂದೇ ಪರೀಕ್ಷೆಗೋ, ಹಲವು ಸಣ್ಣ ಕೆಲಸಗಳಿಗೋ? ವೇಳಾಪಟ್ಟಿಯಲ್ಲಿ ನಡುವೆ ಮೂರು ಗಂಟೆ ಖಾಲಿ ಬಿಡುತ್ತಾರೋ? ಕೌನ್ಸೆಲರ್ ವಾರದಲ್ಲಿ ಎಷ್ಟು ದಿನ ಬರುತ್ತಾರೆ? ನೋಟಿಸ್‌ಗಳು ಫಲಕದಲ್ಲೋ, ವಾಟ್ಸಾಪ್ ಗುಂಪಿನಲ್ಲೋ, ಪೋರ್ಟಲ್‌ನಲ್ಲೋ? ಈ ಕೊನೆಯ ಪ್ರಶ್ನೆ ಚಿಲ್ಲರೆ ಅನಿಸಬಹುದು, ಆದರೆ ಮೂರು ಕಡೆ ಹಂಚಿಹೋದ ಸೂಚನೆಗಳಲ್ಲಿ ಒಂದು ತಪ್ಪಿದರೂ ಫಾರ್ಮ್ ತಪ್ಪುತ್ತದೆ. ಸಣ್ಣ ಸಣ್ಣ ಗಡುವುಗಳಿರುವ ಕಡೆ ಇಂಥ ಮಕ್ಕಳು ಚೆನ್ನಾಗಿ ನಡೆಯುತ್ತಾರೆ. ಸೆಮಿಸ್ಟರ್ ಪೂರ್ತಿ ಸುಮ್ಮನಿದ್ದು ಕೊನೆಗೆ ಒಂದೇ ಪರೀಕ್ಷೆ ಎಂಬ ವ್ಯವಸ್ಥೆಯಲ್ಲಿ ಮುಳುಗುತ್ತಾರೆ. ಖಾಲಿ ಗಂಟೆಗಳು ಕ್ಯಾಂಟೀನಿಗೂ ಬೀದಿಬದಿಯ ಚಹಾ ಟಪರಿಗೂ ಹೋಗುತ್ತವೆ, ಲೈಬ್ರರಿಗಲ್ಲ.

ಕೋರ್ಸಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ. ‘ಎಡಿಎಚ್‌ಡಿಗೆ ತಕ್ಕ ಕೋರ್ಸು’ ಎಂಬುದೊಂದಿಲ್ಲ. ಅವನಿಗೆ ಆಸಕ್ತಿ ಇರುವ ವಿಷಯ, ಕೈಯಿಂದ ಮಾಡುವ ಕೆಲಸ, ಆಗಾಗ ಫಲ ಕಾಣುವ ಪಾಠ ಇದ್ದರೆ ಗಮನ ನಿಲ್ಲುತ್ತದೆ. ಬಿ.ಕಾಂ. ಬಿಟ್ಟು ಮೀಡಿಯ, ಅಪ್ಲೈಡ್ ಆರ್ಟ್, ಹೋಟೆಲ್ ಮ್ಯಾನೇಜ್‌ಮೆಂಟ್ ಎಂದು ಯೋಚಿಸುತ್ತಿದ್ದರೆ ಪ್ರವೇಶ ಪರೀಕ್ಷೆಗಳ ಗಡುವು ಮೊದಲೇ ನೋಡಿ. 2024ರಿಂದ ಬಿ.ಎಂ.ಎಸ್., ಬಿ.ಬಿ.ಎ., ಬಿ.ಸಿ.ಎ.ಗೂ ಮಹಾರಾಷ್ಟ್ರದಲ್ಲಿ ಸಿ.ಇ.ಟಿ. ಇದೆ. ಅದರ ನೋಂದಣಿ ಹನ್ನೆರಡನೆಯ ಫಲಿತಾಂಶಕ್ಕೆ ಕಾಯುವುದಿಲ್ಲ.

ಒಂದೆರಡು ವಿಷಯದಲ್ಲಿ ಕೆ.ಟಿ. ಬಂದರೆ, ಅಂದರೆ ಫೇಲಾದ ವಿಷಯವನ್ನು ಬಾಕಿ ಇಟ್ಟುಕೊಂಡು ಮುಂದೆ ಹೋಗುವಂತಾದರೆ, ಲೋಕ ಮುಳುಗದು. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ (ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮೆ ಮಾಡುವ ಆನ್‌ಲೈನ್ ಖಾತೆ) ಗಳಿಸಿದ ಕ್ರೆಡಿಟ್ 7 ವರ್ಷದವರೆಗೆ ಉಳಿಯುತ್ತದೆ. ನಡುವೆ ನಿಂತು ಮತ್ತೆ ಸೇರುವ ದಾರಿಯೂ ಇದೆ. ಇದನ್ನು ಅವನಿಗೆ ಮೊದಲೇ ಹೇಳಿಡಿ, ಸೋತ ಮೇಲೆ ಸಮಾಧಾನಕ್ಕೆಂದು ಹೇಳಿದರೆ ನಂಬುವುದಿಲ್ಲ.

ಪ್ರಶ್ನೆ: ಮಗಳು ಹನ್ನೊಂದನೇ ಸೈನ್ಸ್. ಎಸ್ಸೆಸ್ಸಿಯವರೆಗೆ ಒಳ್ಳೇ ಮಾರ್ಕು. ಈಗ ಕ್ಲಾಸಿನವರು ‘ಕನಸು ಕಾಣುತ್ತಾ ಕೂತಿರುತ್ತಾಳೆ’ ಅನ್ನುತ್ತಾರೆ, ಅಜ್ಜಿ ‘ಮೊಬೈಲ್ ಹುಚ್ಚು’ ಅನ್ನುತ್ತಾರೆ. ಗದ್ದಲ ಮಾಡುವ ಹುಡುಗಿ ಅಲ್ಲವೇ ಅಲ್ಲ. ಇದು ಎಡಿಎಚ್‌ಡಿ ಇರಬಹುದೆ? (ತಂದೆ, ವಸಾಯಿ)

ಉತ್ತರ: ಇರಬಹುದು, ಇಲ್ಲದಿರಬಹುದು. ಗದ್ದಲವಿಲ್ಲದ, ಗಮನ ಮಾತ್ರ ಜಾರುವ ಬಗೆಯೂ ಇದೆ. ಹುಡುಗಿಯರಲ್ಲಿ ಅದೇ ಹೆಚ್ಚು ಕಾಣುವುದರಿಂದ ತಡವಾಗಿ ಗೊತ್ತಾಗುತ್ತದೆ. ಆದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು, ಮನೆ ಮತ್ತು ಶಾಲೆ ಎರಡರಲ್ಲೂ ಕಂಡಿರಬೇಕು, ಬದುಕಿಗೆ ಅಡ್ಡಿಯಾಗಿರಬೇಕು. ಹನ್ನೊಂದರಲ್ಲಿ ಹೊಸದಾಗಿ ಶುರುವಾಗಿದ್ದರೆ ಬೇರೆ ಕಾರಣ ಹುಡುಕಬೇಕು: ನಿದ್ದೆಗೇಡು, ರಕ್ತಹೀನತೆ, ಥೈರಾಯ್ಡ್, ಆತಂಕ, ಖಿನ್ನತೆ, ಇಲ್ಲವೇ ಮನಸ್ಸಿಲ್ಲದ ಸೈನ್ಸು.

ಅಟ್ಟದಲ್ಲಿರುವ ಪ್ರಾಥಮಿಕ ಶಾಲೆಯ ರಿಪೋರ್ಟ್ ಕಾರ್ಡುಗಳನ್ನೂ ಶಾಲೆಯ ಕ್ಯಾಲೆಂಡರ್‌ನ ರಿಮಾರ್ಕ್ ಪುಟಗಳನ್ನೂ ಇಳಿಸಿ. ‘ಪುಸ್ತಕ ಮರೆತು ಬಂದಿದ್ದಾಳೆ’, ‘ಕೆಲಸ ಅರ್ಧಕ್ಕೆ ಬಿಡುತ್ತಾಳೆ’ ಎಂದು ಮೂರನೆಯ, ನಾಲ್ಕನೆಯ ತರಗತಿಯಲ್ಲೇ ಬರೆದಿದ್ದರೆ ಅದು ವೈದ್ಯರಿಗೆ ಬಹಳ ಉಪಯೋಗ. ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಹೇಳಲಾರದು. ಹಾಗೆಂದು ಹಣ ಕೇಳುವವರಿಂದ ದೂರವಿರಿ. ಮನೋವೈದ್ಯರು ವಿವರವಾಗಿ ಮಾತಾಡಿಸಿ, ಮನೆಯವರೂ ಶಿಕ್ಷಕರೂ ತುಂಬಿದ ಪ್ರಶ್ನಾವಳಿ ನೋಡಿ ನಿರ್ಧರಿಸುತ್ತಾರೆ. ಖಾಸಗಿಯವರ ಫೀಸು ಭಾರವಾದರೆ ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗದ ಓ.ಪಿ.ಡಿ. ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ, ಎರಡು ಮೂರು ಸಲವಾದರೂ ರಜೆ ಹಾಕಬೇಕಾಗುತ್ತದೆ.

ಪ್ರಶ್ನೆ: ನಾನು ಎಸ್.ವೈ. (ಎರಡನೇ ವರ್ಷ) ಬಿ.ಎಸ್ಸಿ. ಹೋದ ವರ್ಷ ಎಡಿಎಚ್‌ಡಿ ಎಂದು ಗೊತ್ತಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆದರೂ ಎರಡು ಕೆ.ಟಿ., ಮೂರು ಜರ್ನಲ್ (ಪ್ರಯೋಗಗಳನ್ನು ಬರೆಯುವ ಪುಸ್ತಕ) ಬಾಕಿ. ರಾತ್ರಿ ಮೂರಕ್ಕೆ ಮಲಗುತ್ತೇನೆ. ಕೂತರೆ ಶುರುವೇ ಆಗುವುದಿಲ್ಲ. (19 ವರ್ಷದ ವಿದ್ಯಾರ್ಥಿ, ಮುಲುಂಡ್)

ಉತ್ತರ: ಮಾತ್ರೆ ಗಮನವನ್ನು ಗಟ್ಟಿ ಮಾಡೀತು, ಆ ಗಮನ ಜರ್ನಲ್ ಮೇಲೆ ಬೀಳುತ್ತದೋ ರೀಲ್ಸ್ ಮೇಲೋ ಎಂದು ಅದು ತೀರ್ಮಾನಿಸುವುದಿಲ್ಲ. ಅದು ಕೆಲಸ ಮಾಡುವ ಹೊತ್ತಿಗೆ ಜರ್ನಲ್ ಮುಂದೆ ತೆರೆದಿರಬೇಕು.

ಮೊದಲು ಜರ್ನಲ್. ಒಂದು ಹಾಳೆಯಲ್ಲಿ ಮೂರೂ ವಿಷಯಗಳ ಬಾಕಿ ಪ್ರಯೋಗಗಳ ಸಂಖ್ಯೆ ಬರೆಯಿರಿ. ತಲೆಯಲ್ಲಿದ್ದಾಗ ‘ಎಲ್ಲವೂ ಬಾಕಿ’ ಅನಿಸುವುದು ಹಾಳೆಯ ಮೇಲೆ ಹದಿನೇಳೋ ಇಪ್ಪತ್ತೋ ಆಗಿ ಇಳಿಯುತ್ತದೆ. ಆಮೇಲೆ ಪ್ರಾಧ್ಯಾಪಕರ ಬಳಿ ಹೋಗಿ, ಸಹಿ ಬೀಳಲು ಕಡಿಮೆಯೆಂದರೆ ಎಷ್ಟು ಪ್ರಯೋಗ ಬೇಕು, ಯಾವ ತಾರೀಖಿನೊಳಗೆ ಎಂದು ಕೇಳಿ. ಈ ಭೇಟಿಯನ್ನೇ ಎಲ್ಲರೂ ನಾಚಿಕೆಯಿಂದ ಮುಂದೂಡುವುದು, ಆ ನಾಚಿಕೆಯಲ್ಲೇ ತಾರೀಖು ದಾಟುವುದು. ಸರ್ಟಿಫೈ ಆಗದ ಜರ್ನಲ್ ಹಿಡಿದು ಪ್ರಾಕ್ಟಿಕಲ್‌ಗೆ ಕೂರಲು ಬಿಡದ ಕಾಲೇಜುಗಳೇ ಹೆಚ್ಚು, ಆದ್ದರಿಂದ ಓದಿಗಿಂತ ಇದು ಮೊದಲು. ತೀರಾ ಹಳೆಯದರಿಂದ ಶುರುಮಾಡಬೇಡಿ, ಗಡುವು ಹತ್ತಿರವಿರುವುದನ್ನು ಎತ್ತಿಕೊಳ್ಳಿ. ‘ಫಿಸಿಕ್ಸ್ ಜರ್ನಲ್ ಮುಗಿಸು’ ಎಂದು ಪಟ್ಟಿಯಲ್ಲಿ ಬರೆದರೆ ಅದು ಕೆಲಸವಲ್ಲ, ಬೆದರಿಕೆ. ‘ಪ್ರಯೋಗ 6ರ ಉದ್ದೇಶ, ಉಪಕರಣ ಬರೆ’ ಎಂದು ಬರೆದರೆ ಹತ್ತು ನಿಮಿಷದ ಕೆಲಸ.

ಶುರುವಾಗದಿರುವುದು ಸೋಮಾರಿತನವಲ್ಲ, ಎಡಿಎಚ್‌ಡಿಯ ನಡುಬಿಂದುವೇ ಅದು. ಇದಕ್ಕೆ ಅಗ್ಗದ ಮದ್ದು, ಪಕ್ಕದಲ್ಲಿ ಒಬ್ಬರು ಕೂತು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುವುದು. ಊರಿನಲ್ಲಿ ಹಲವೆಡೆ ಇರುವ ಅಭ್ಯಾಸಿಕೆಗಳು (ಕೂತು ಓದುವ ಕೋಣೆಗಳು) ಇದಕ್ಕೇ ಹೇಳಿಮಾಡಿಸಿದವು. ಮನೆಯ ಹತ್ತಿರದ್ದಕ್ಕೆ ತಿಂಗಳ ಲೆಕ್ಕದಲ್ಲಿ ಸೇರಿ, ಕಿಟಕಿಗೂ ಬಾಗಿಲಿಗೂ ಬೆನ್ನು ಹಾಕಿ ಕೂರಿ, ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಚೀಲದೊಳಗೆ ಇಟ್ಟು ಜಿಪ್ ಎಳೆಯಿರಿ. ಟೈಮರಿಗೆ ಫೋನ್ ಬೇಡ, ಅಡುಗೆಮನೆಯ ತಿರುಗಿಸುವ ಟೈಮರ್ ಸಾಕು. 20 ನಿಮಿಷ ಕೆಲಸ, 5 ನಿಮಿಷ ಎದ್ದು ಓಡಾಟ. ಕೂತಲ್ಲೇ ಬಿಡುವು ತೆಗೆದುಕೊಂಡರೆ ಐದು ನಿಮಿಷ ಐವತ್ತಾಗುತ್ತದೆ.

ನಿದ್ದೆ. ಮೂರರಿಂದ ಹನ್ನೊಂದಕ್ಕೆ ಒಂದೇ ರಾತ್ರಿಯಲ್ಲಿ ಜಿಗಿಯಲಾಗದು. ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತನ್ನು ಹಿಡಿಯಿರಿ. ಎರಡು ಮೂರು ದಿನಕ್ಕೊಮ್ಮೆ 15–20 ನಿಮಿಷ ಬೇಗ ಎದ್ದು, ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ನಡೆಯಿರಿ. ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ಕಟಿಂಗ್ ಚಹಾ ಮಧ್ಯಾಹ್ನ ಮೂರರೊಳಗೆ ಕೊನೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ತಡವಾಗಿ ನುಂಗಿದರೂ ನಿದ್ದೆ ಓಡುತ್ತದೆ. ನೀವು ಹನ್ನೊಂದಕ್ಕೆ ಎದ್ದು ಹನ್ನೆರಡಕ್ಕೆ ನುಂಗುತ್ತಿದ್ದರೆ ರಾತ್ರಿಯ ಎಚ್ಚರಕ್ಕೆ ಅದೂ ಒಂದು ಕಾರಣವಿದ್ದೀತು. ಹೊತ್ತು, ಪ್ರಮಾಣ ನೀವೇ ಬದಲಿಸದೆ ವೈದ್ಯರಿಗೆ ಹೇಳಿ.

ಈ ಮಾತ್ರೆ ಹಸಿವನ್ನೂ ಕೊಲ್ಲುತ್ತದೆ. ಮಧ್ಯಾಹ್ನ ಊಟ ಬೇಡವಾಗಿ, ಸಂಜೆ ಪ್ರಭಾವ ಇಳಿದಾಗ ಹಸಿವೂ ಸಿಡುಕೂ ಒಟ್ಟಿಗೆ ಬರುತ್ತವೆ. ಮಾತ್ರೆಗೆ ಮೊದಲೇ ಎರಡು ಮೊಟ್ಟೆಯೋ ಇಡ್ಲಿ ಸಾಂಬಾರೋ ಹೊಟ್ಟೆ ಸೇರಲಿ, ಸಂಜೆಗೆ ಶೇಂಗಾ, ಬಾಳೆಹಣ್ಣು ಚೀಲದಲ್ಲಿರಲಿ. ತಿಂಗಳಿಗೊಮ್ಮೆ ತೂಕ ನೋಡಿ.

ಕೆ.ಟಿ. ಪರೀಕ್ಷೆಯ ಫಾರ್ಮ್ ತುಂಬುವ ದಿನವನ್ನು ಈಗಲೇ ಗೋಡೆಯ ಮೇಲೆ ಬರೆಯಿರಿ. ಓದಿ ತಯಾರಾಗಿಯೂ ಫೀಸು ಕಟ್ಟಲು ಮರೆತು ಕೂತವರು ಕಡಿಮೆಯಿಲ್ಲ. ಬದುಕೇ ಬೇಡ ಅನಿಸುವಷ್ಟು ಮನಸ್ಸು ಕುಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ಎಡಿಎಚ್‌ಡಿ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆಯೆ? (ಓದುಗರು, ಗೋರೆಗಾಂವ್)

ಉತ್ತರ: ನೇರವಾಗಿ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೆಸರಿಸುತ್ತದೆ. ಕಲಿಕಾ ನ್ಯೂನತೆ, ಆಟಿಸಂ ಅದರಲ್ಲಿವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆದರೆ ಎಡಿಎಚ್‌ಡಿ ಇರುವ ಅನೇಕರಿಗೆ ಓದು, ಬರಹ, ಲೆಕ್ಕದ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಅದನ್ನು ಬೇರೆಯಾಗಿ ಪರೀಕ್ಷಿಸಿ ಪ್ರಮಾಣಪತ್ರ ಪಡೆದರೆ ಗಂಟೆಗೆ 20 ನಿಮಿಷದಂತೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಸಾಯನ್ ಆಸ್ಪತ್ರೆಯ ಕಲಿಕಾ ನ್ಯೂನತಾ ಕ್ಲಿನಿಕ್ ಇದಕ್ಕೆ ಹಳೆಯ ಹೆಸರು. ಸರದಿ ಉದ್ದವಿರುವುದರಿಂದ ಪರೀಕ್ಷೆಗೆ ತಿಂಗಳಿದ್ದಾಗ ಓಡಬೇಡಿ. ಪ್ರಮಾಣಪತ್ರ ಇಲ್ಲದಿದ್ದರೂ ಮುಂದಿನ ಬೆಂಚು, ಗದ್ದಲವಿಲ್ಲದ ಕೋಣೆ ಕೇಳಬಹುದು. ಎಫ್.ವೈ., ಎಸ್.ವೈ. ಪರೀಕ್ಷೆ ಬಹುತೇಕ ಕಾಲೇಜುಗಳೇ ನಡೆಸುವುದರಿಂದ ಅದು ಪ್ರಿನ್ಸಿಪಾಲರ ಕೈಯಲ್ಲೇ ಇರುತ್ತದೆ. ವೈದ್ಯರ ಪತ್ರ ಲಗತ್ತಿಸಿ, ಅರ್ಜಿಯ ಪ್ರತಿಯ ಮೇಲೆ ಆಫೀಸಿನ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ.

ಪ್ರಶ್ನೆ: ಮಗಳು ಇಂಜಿನಿಯರಿಂಗ್‌ಗೆ ಪುಣೆಗೆ ಹೊರಟಿದ್ದಾಳೆ, ಹಾಸ್ಟೆಲ್. ಮಾತ್ರೆ ನಡೆಯುತ್ತಿದೆ. ಏನೇನು ಸಿದ್ಧತೆ? (ತಾಯಿ, ಘಾಟ್‌ಕೋಪರ್)

ಉತ್ತರ: ಮೀಥೈಲ್‌ಫೆನಿಡೇಟ್ ಕಟ್ಟುನಿಟ್ಟಿನ ಔಷಧ. ಎಲ್ಲ ಮೆಡಿಕಲ್‌ನಲ್ಲೂ ಸಿಗುವುದಿಲ್ಲ, ಚೀಟಿಯಿಲ್ಲದೆ ಕೊಡುವುದಿಲ್ಲ. ಸೇರುವ ಮೊದಲೇ ಪುಣೆಯ ಒಬ್ಬ ಮನೋವೈದ್ಯರನ್ನೂ ಮಾತ್ರೆ ಇಟ್ಟಿರುವ ಒಂದು ಅಂಗಡಿಯನ್ನೂ ಗೊತ್ತುಮಾಡಿಕೊಳ್ಳಿ, ಇಲ್ಲಿನ ವೈದ್ಯರಿಂದ ಸಾರಾಂಶ ಪತ್ರ ಪಡೆಯಿರಿ. ಹತ್ತು ದಿನದ ಮಾತ್ರೆ ಉಳಿದಾಗಲೇ ಹೊಸ ಚೀಟಿ. ಹಾಸ್ಟೆಲಿನಲ್ಲಿ ಬೀಗವಿರುವ ಡಬ್ಬಿ ಬೇಕು. ಪರೀಕ್ಷೆ ಹೊತ್ತಿಗೆ ‘ಒಂದು ಕೊಡೇ’ ಎನ್ನುವ ಗೆಳತಿಯರು ಬರುತ್ತಾರೆ. ಕೊಟ್ಟರೆ ಅವರ ಹೃದಯಕ್ಕೂ ಅಪಾಯ, ಕಾನೂನಿನ ತೊಡಕೂ ಇದೆ. ಎಡಿಎಚ್‌ಡಿಯ ಇನ್ನೊಂದು ಔಷಧ ಅಟೊಮಾಕ್ಸಿಟಿನ್ ಆದರೆ ಸಿಗುವುದು ಸುಲಭ, ಆದರೆ ಅದು ಪೂರ್ಣ ಪರಿಣಾಮಕ್ಕೆ ನಾಲ್ಕಾರು ವಾರ ತೆಗೆದುಕೊಳ್ಳುತ್ತದೆ. ಸೇರುವ ವಾರ ಬದಲಾಯಿಸಿ ಪ್ರಯೋಗ ಮಾಡುವುದು ಬೇಡ.

ಪುಣೆ ಎಂದರೆ ಸ್ಕೂಟರು. ಎಡಿಎಚ್‌ಡಿ ಇರುವವರಲ್ಲಿ ಅಪಘಾತ ಹೆಚ್ಚು ಎಂಬುದು ಗೊತ್ತಿರುವ ವಿಷಯ. ಮೊದಲ ಸೆಮಿಸ್ಟರ್ ಗಾಡಿ ಕೊಡಿಸಬೇಡಿ. ಆಮೇಲೆ ಕೊಡಿಸಿದರೆ ಹೆಲ್ಮೆಟ್ ಇರಲಿ, ಫೋನ್ ಡಿಕ್ಕಿಯಲ್ಲಿರಲಿ.

ಹೊರಡುವ ಮುಂಚಿನ ಎರಡು ತಿಂಗಳು ಮನೆಯಲ್ಲೇ ತಾಲೀಮು ಆಗಲಿ: ತಾನೇ ಏಳುವುದು, ಬಟ್ಟೆ ಒಗೆಯುವುದು, ವಾರದ ಖರ್ಚನ್ನು ಒಂದೇ ಸಲ ಪಡೆದು ನಿಭಾಯಿಸುವುದು. ತಪ್ಪಿದಾಗ ನೀವು ಓಡಿಹೋಗಿ ಸರಿಪಡಿಸಬೇಡಿ. ದಿನಕ್ಕೆ ಆರು ಸಲ ಫೋನ್ ಮಾಡುವ ಬದಲು ಭಾನುವಾರ ಸಂಜೆ ಅರ್ಧ ಗಂಟೆ ವಿಡಿಯೋ ಕರೆ ಗೊತ್ತುಮಾಡಿ. ಮುಂದಿನ ವಾರದ ತಾರೀಖುಗಳನ್ನು ಅವಳು ಓದಿ ಹೇಳಬೇಕು, ನೀವು ಬರೆದುಕೊಳ್ಳಬೇಕು, ಅಷ್ಟೇ. ಅಂಕದ ಮಾತು ಆ ಕರೆಯಲ್ಲಿ ಬೇಡ, ಬಂದರೆ ಮೂರನೆಯ ವಾರದಿಂದ ಅವಳು ಕರೆಯನ್ನೇ ಎತ್ತುವುದಿಲ್ಲ.